ಸೊಸೈಟಿ ಫ್ಲ್ಯಾಟ್ ಕೊಳ್ಳುವ ಮುಂಚೆ ಸೊಸೈಟಿಯ ದಪ್ತರ ನೋಡಿ

ಚಿಗರಿ ಬಸ್ಸಿನ ದಾರಿಗುಂಟ ಹುಬ್ಬಳ್ಳಿಯಿಂದ ಧಾರವಾಡದವರೆಗೆ ಹೋದರೆ ಭೈರಿದೇವರಕೊಪ್ಪ, ನವನಗರ, ರಾಯಾಪುರ, ಸತ್ತೂರು ಎಲ್ಲ ಕಡೆಯೂ ಹೊಸ ಕಟ್ಟಡ ಏಳುತ್ತಿರುವುದು ಕಾಣುತ್ತದೆ. ಧಾರವಾಡದ ಮಾಳಮಡ್ಡಿ, ಸಪ್ತಾಪುರದಲ್ಲಿ ಹಿತ್ತಲು-ಅಂಗಳವಿದ್ದ ಹಳೇ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟ್ ಆಗುತ್ತಿವೆ. ಹೀಗೆ ಬೆಲೆ ಏರುತ್ತಿರುವ ಓಣಿಗಳಲ್ಲಿ ತಿಂಗಳ ಪಗಾರದ ಕುಟುಂಬಕ್ಕೆ ಇನ್ನೂ ಎಟುಕುವ ಮನೆ ಎಂದರೆ ಹಳೆಯ ಸಹಕಾರಿ ಸೊಸೈಟಿಯ ಫ್ಲ್ಯಾಟು. ಕಟ್ಟಡಕ್ಕೆ ಇಪ್ಪತ್ತು-ಮೂವತ್ತು ವರ್ಷವಾಗಿರುತ್ತದೆ, ಲಿಫ್ಟ್ ಇರಲಿಕ್ಕಿಲ್ಲ. ಆದರೆ ಶಾಲೆ, ಮಾರ್ಕೆಟ್, ಬಸ್ಸು ಹತ್ತಿರ.

ಇಂಥ ಫ್ಲ್ಯಾಟ್ ಕೊಳ್ಳುವವರು ಹೆಚ್ಚಾಗಿ ಮಾಡುವ ತಪ್ಪೆಂದರೆ ಮನೆಯನ್ನಷ್ಟೇ ನೋಡುವುದು. ಅಡುಗೆಮನೆ ದೊಡ್ಡದಿದೆಯೆ, ಪೂರ್ವಕ್ಕೆ ಬಾಗಿಲಿದೆಯೆ ಎಂದು ನೋಡಿ ಸಂಚಕಾರ (ಮುಂಗಡ) ಕೊಟ್ಟುಬಿಡುತ್ತಾರೆ. ಸೊಸೈಟಿ ಫ್ಲ್ಯಾಟಿನಲ್ಲಿ ನಾಲ್ಕು ಗೋಡೆಯ ಜೊತೆಗೆ ಸೊಸೈಟಿಯ ಸಾಲ, ಅದರ ಜಗಳ, ಅದರ ಸೋರುವ ಟೆರೇಸು ಕೂಡ ನಿಮ್ಮ ಪಾಲಿಗೆ ಬರುತ್ತವೆ. ಆದ್ದರಿಂದ ಕೆಲಸ ಶುರುವಾಗಬೇಕಾದ್ದು ದಪ್ತರದಿಂದ, ಅಂದರೆ ಸೊಸೈಟಿಯ ಲೆಕ್ಕ-ದಾಖಲೆಗಳಿಂದ.

ಅದು ನಿಜವಾಗಿ ಸಹಕಾರಿ ಸೊಸೈಟಿಯೆ?

ನಮ್ಮ ಕಡೆ ಅಪಾರ್ಟ್‌ಮೆಂಟಿನ ಯಾವ ಸಂಘಕ್ಕೂ ಜನ ‘ಸೊಸೈಟಿ’ ಎಂದೇ ಅನ್ನುತ್ತಾರೆ. ಕಾಯ್ದೆಯ ಕಣ್ಣಲ್ಲಿ ಅವು ಮೂರು ಬೇರೆ ಬೇರೆ ಬಗೆ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಡಿ ನೋಂದಣಿಯಾಗಿದ್ದರೆ ಮಾತ್ರ ಅದು ಸಹಕಾರಿ ಸೊಸೈಟಿ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಇದ್ದರೆ ಅದು ಬರೀ ಸಂಘ, ಯುವಕ ಮಂಡಳಕ್ಕೂ ಅದೇ ಕಾಯ್ದೆ. 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ ಇದ್ದರೆ ಅದು ಮಾಲೀಕರ ಸಂಘ. ಮೊದಲು ನೋಂದಣಿ ಪ್ರಮಾಣಪತ್ರ ಕೇಳಿ, ಅದರ ಮೇಲೆ ಯಾವ ಕಾಯ್ದೆ ಎಂದು ಬರೆದಿದೆ ನೋಡಿ. ಸಹಕಾರಿ ಸೊಸೈಟಿಯಾದರೆ ಆಡಿಟ್ ಕಡ್ಡಾಯ, ಸಹಕಾರ ಇಲಾಖೆಯ ನಿಗಾ ಇರುತ್ತದೆ, ಸದಸ್ಯರ ವ್ಯಾಜ್ಯ ಕಾಯ್ದೆಯ 70ನೇ ಕಲಮಿನ ಪ್ರಕಾರ ಸಹಕಾರ ಸಂಘಗಳ ನಿಬಂಧಕರ (ರಿಜಿಸ್ಟ್ರಾರ್) ಮುಂದೆ ಹೋಗುತ್ತದೆ. ಬೇರೆ ಎರಡರಲ್ಲಿ ಇಷ್ಟು ರಕ್ಷಣೆ ಇಲ್ಲ.

ಸಹಕಾರ ಈ ಭಾಗಕ್ಕೆ ಹೊಸದಲ್ಲ. ಆಗ ಧಾರವಾಡ ಜಿಲ್ಲೆಯಲ್ಲಿದ್ದ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದ್ದರು. ಅದಕ್ಕೇ ಹಳೆಯ ಸೊಸೈಟಿಗಳ ದಪ್ತರದಲ್ಲಿ ಠರಾವು (ನಿರ್ಣಯ), ನಡವಳಿ (ಸಭೆಯ ವರದಿ), ಅಢಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್) ಎಂಬ ಮಾತುಗಳು ಇಂದಿಗೂ ಬಳಕೆಯಲ್ಲಿವೆ. ಅವುಗಳನ್ನು ಓದಲು ಬಂದರೆ ಅರ್ಧ ಕೆಲಸ ಮುಗಿದಂತೆ.

ಮುಂದಿನ ಪ್ರಶ್ನೆ: ನೆಲ ಯಾರ ಹೆಸರಿನಲ್ಲಿದೆ? ಕೆಲವು ಸೊಸೈಟಿಗಳು ಪ್ರತಿ ಸದಸ್ಯನಿಗೂ ಫ್ಲ್ಯಾಟಿನ ಜೊತೆ ನೆಲದಲ್ಲಿ ಅವಿಭಾಜ್ಯ ಹಿಸ್ಸಾ (ಬೇರ್ಪಡಿಸಲಾಗದ ಪಾಲು) ಬರೆದು, ಖರೀದಿ ಪತ್ರ ನೋಂದಣಿ ಮಾಡಿಕೊಟ್ಟಿರುತ್ತವೆ. ಇನ್ನು ಕೆಲವಲ್ಲಿ ನೆಲ, ಕಟ್ಟಡ ಎರಡೂ ಸೊಸೈಟಿಯದೇ. ಸದಸ್ಯನ ಕೈಯಲ್ಲಿ ಷೇರು ಪತ್ರ ಮತ್ತು ಹಂಚಿಕೆ ಪತ್ರ ಮಾತ್ರ. ಎರಡನೆಯದು ಅಕ್ರಮವಲ್ಲ, ಆದರೆ ಬ್ಯಾಂಕುಗಳು ಅದರ ಮೇಲೆ ಸಾಲ ಕೊಡಲು ಹಿಂದೆಮುಂದೆ ನೋಡುತ್ತವೆ. ನಾಳೆ ನೀವು ಮಾರಲು ಹೋದರೂ ಅದೇ ತೊಡಕು. ಸಾಲ ಮಾಡಿ ಕೊಳ್ಳುವವರು ನೋಂದಣಿಯಾದ ಖರೀದಿ ಪತ್ರ ಇರುವ ಫ್ಲ್ಯಾಟನ್ನೇ ಹುಡುಕುವುದು ಒಳಿತು. ಮುಖ್ತ್ಯಾರ ಪತ್ರದ (ಪವರ್ ಆಫ್ ಅಟಾರ್ನಿ) ಮೇಲೆ ಕೈಯಿಂದ ಕೈಗೆ ಬಂದ ಫ್ಲ್ಯಾಟನ್ನು ಮುಟ್ಟಲೇಬೇಡಿ. ಮುಖ್ತ್ಯಾರ ಪತ್ರದಿಂದ ಒಡೆತನ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ.

ದಪ್ತರದಲ್ಲಿ ಏನು ನೋಡಬೇಕು

ನೀವು ಇನ್ನೂ ಸದಸ್ಯರಲ್ಲ, ಆದ್ದರಿಂದ ದಪ್ತರ ಕೇಳುವ ಹಕ್ಕು ಮಾರುವವರದು. ಅವರಿಂದ ಕಾರ್ಯದರ್ಶಿಗೆ ಒಂದು ಅರ್ಜಿ ಬರೆಸಿ, ಉಪನಿಯಮಗಳ ಪ್ರತಿ, ಕೊನೆಯ ಮೂರು ವರ್ಷದ ಆಡಿಟ್ ವರದಿ, ಅಢಾವೆ ಪತ್ರಿಕೆ, ಸರ್ವಸಾಧಾರಣ ಸಭೆಯ ನಡವಳಿ ಪಡೆಯಿರಿ. ‘ಅವೆಲ್ಲ ಯಾಕ್ರೀ, ಕಾಗದ ಎಲ್ಲಾ ಕ್ಲಿಯರ್ ಅದಾವ’ ಎಂದು ದಲ್ಲಾಳಿ ಹೇಳಿದರೆ ಇನ್ನೂ ಗಟ್ಟಿಯಾಗಿ ಕೇಳಿ.

ಅಢಾವೆ ಪತ್ರಿಕೆಯಲ್ಲಿ ಮೊದಲು ‘ಕೊಡಬೇಕಾದ ಸಾಲ’ ಎಂಬ ಸಾಲಿನ ಮೇಲೆ ಬೆರಳಿಡಿ. ಕಟ್ಟುವ ಕಾಲಕ್ಕೆ ಸೊಸೈಟಿ ಇಡೀ ಜಾಗವನ್ನು ಅಡವಿಟ್ಟು ಸಾಲ ತಂದಿರಬಹುದು. ಕೆಲವು ಸದಸ್ಯರು ಕಂತು ಕಟ್ಟದೆ ಆ ಬೋಜಾ (ಆಸ್ತಿಯ ಮೇಲಿನ ಸಾಲದ ಹೊರೆ) ಹಾಗೇ ಉಳಿದಿರಬಹುದು. ಇಲ್ಲಿ ಎಡವುವವರೇ ಬಹಳ. ಫ್ಲ್ಯಾಟ್ ನಂಬರಿನ ಮೇಲೆ ಋಣಭಾರ ಪ್ರಮಾಣಪತ್ರ (ಇ.ಸಿ.) ತೆಗೆಸುತ್ತಾರೆ, ಅದರಲ್ಲಿ ಏನೂ ಇರುವುದಿಲ್ಲ, ನಿಶ್ಚಿಂತರಾಗುತ್ತಾರೆ. ಆದರೆ ಬೋಜಾ ಕೂತಿರುವುದು ಮೂಲ ಸರ್ವೇ ನಂಬರಿನ ಮೇಲೆ. ಹಾಗಾಗಿ ಎರಡು ಪ್ರಮಾಣಪತ್ರ ತೆಗೆಸಿ: ಒಂದು ಫ್ಲ್ಯಾಟಿನದು, ಇನ್ನೊಂದು ಇಡೀ ಜಾಗದ ಸರ್ವೇ ಅಥವಾ ಸಿ.ಟಿ.ಎಸ್. (ನಗರ ಸರ್ವೇ) ನಂಬರಿನದು. ಎರಡೂ ಮೂವತ್ತು ವರ್ಷದ್ದಿರಲಿ. 2004ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಗೇ ಅರ್ಜಿ ಕೊಡಬೇಕು. ಹಳೇ ಸಾಲ ತೀರಿದ್ದರೂ ಬೋಜಾ ಇಳಿಸದೆ ಬಿಟ್ಟಿರುವುದುಂಟು. ಸಾಲ ಕೊಟ್ಟವರ ತೀರುವಳಿ ಪತ್ರ ತಂದು ಬೋಜಾ ಕಡಿಮೆ ಮಾಡಿಸುವುದು ಮಾರುವವರ ಜವಾಬ್ದಾರಿ ಎಂದು ಸಂಚಕಾರ ಪತ್ರದಲ್ಲೇ ಬರೆಸಿ.

ನಂತರ ದುರಸ್ತಿ ನಿಧಿ. ಹನ್ನೆರಡು ಮನೆಯ ಕಟ್ಟಡ, ನಿಧಿಯಲ್ಲಿ ನಲವತ್ತು ಸಾವಿರ ರೂಪಾಯಿ, ಟೆರೇಸು ಸೋರುತ್ತಿದೆ ಎಂದಿಟ್ಟುಕೊಳ್ಳಿ. ಖರೀದಿ ಮಾಡಿದ ಆರು ತಿಂಗಳಿಗೆ ದುರಸ್ತಿ ಖರ್ಚಿನ ಹನ್ನೆರಡನೇ ಒಂದು ಭಾಗ ಕೊಡಿ ಎಂದು ಚೀಟಿ ಬರುತ್ತದೆ. ಆ ಖರ್ಚನ್ನು ಈಗಲೇ ಅಂದಾಜು ಮಾಡಿ ಬೆಲೆಯಲ್ಲಿ ಇಳಿಸಿಕೊಳ್ಳಬೇಕು.

ನಡವಳಿ ಪುಸ್ತಕದಲ್ಲಿ ಕಟ್ಟಡದ ನಿಜವಾದ ಆರೋಗ್ಯ ಬರೆದಿರುತ್ತದೆ. ಸೋರಿಕೆ, ಪಾರ್ಕಿಂಗ್ ತಕರಾರು, ಕೋರ್ಟ್ ಕೇಸು, ಮರುನಿರ್ಮಾಣದ ಮಾತು ಎಲ್ಲವೂ ಸಭೆಯಲ್ಲಿ ಬಂದೇ ಬಂದಿರುತ್ತವೆ. ಆರ್ಥಿಕ ವರ್ಷ ಮುಗಿದ ಆರು ತಿಂಗಳೊಳಗೆ ವಾರ್ಷಿಕ ಸಭೆ ಆಗಬೇಕು. ಎರಡು-ಮೂರು ವರ್ಷ ಸಭೆಯೇ ಆಗಿಲ್ಲವೆಂದರೆ ಆ ಸೊಸೈಟಿ ಕಾಗದದ ಮೇಲೆ ಮಾತ್ರ ಇದೆ ಎಂದು ತಿಳಿಯಿರಿ. ನಿಮ್ಮ ಹೆಸರಿಗೆ ಷೇರು ವರ್ಗ ಮಾಡಿಕೊಡಲು ಆಡಳಿತ ಮಂಡಳಿಯೇ ಇರಲಿಕ್ಕಿಲ್ಲ. ಆಗ ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿಯಲ್ಲಿ ಆ ಸೊಸೈಟಿಯ ಸ್ಥಿತಿ ವಿಚಾರಿಸದೆ ಮುಂದೆ ಹೋಗಬೇಡಿ.

ಉಪನಿಯಮದಲ್ಲಿ ಸದಸ್ಯತ್ವದ ಷರತ್ತು ಓದಿ. ಇದೇ ಊರಲ್ಲಿ ಬೇರೆ ಮನೆ ಇರಬಾರದು, ಇಂತಿಷ್ಟು ವರ್ಷ ಮಾರಬಾರದು, ಇಂಥ ಇಲಾಖೆಯ ನೌಕರರೇ ಆಗಿರಬೇಕು ಎಂಬ ನಿಬಂಧನೆಗಳು ಕೆಲವು ಸೊಸೈಟಿಗಳಲ್ಲಿ ಇರುತ್ತವೆ. ಅವು ನಿಮಗೆ ಹೊಂದದಿದ್ದರೆ ಮನೆ ಎಷ್ಟೇ ಚೆಂದವಿದ್ದರೂ ಪ್ರಯೋಜನವಿಲ್ಲ.

ಮಾರುವವರು ಒಬ್ಬರೇ, ವಾರಸುದಾರರು ಐದು ಜನ

ಹಳೆಯ ಸೊಸೈಟಿಗಳಲ್ಲಿ ಮೂಲ ಸದಸ್ಯರು ಎಷ್ಟೋ ಜನ ಈಗಿಲ್ಲ. ಷೇರು ಪತ್ರ ನಾಮಿನಿಯಾದ ಹಿರಿಮಗನ ಹೆಸರಿಗೆ ಬಂದಿರುತ್ತದೆ, ಮಾರಲು ಬಂದವನೂ ಅವನೇ. ನಾಮಿನಿ ಎಂದರೆ ಮಾಲೀಕನಲ್ಲ. ಸೊಸೈಟಿ ಯಾರ ಜೊತೆ ವ್ಯವಹರಿಸಬೇಕು ಎಂಬುದಕ್ಕಷ್ಟೇ ಆ ಹೆಸರು. ಮೃತ್ಯುಪತ್ರ ಬರೆಯದೆ ತಂದೆ ತೀರಿಕೊಂಡಿದ್ದರೆ ಹಿಂದೂ ಕುಟುಂಬದಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ತೀರಿಕೊಂಡವರ ತಾಯಿ ಎಲ್ಲರಿಗೂ ಪಾಲಿದೆ. ಮದುವೆಯಾಗಿ ಬಾಗಲಕೋಟೆಗೋ ಪುಣೆಗೋ ಹೋದ ಹೆಣ್ಣುಮಗಳ ಸಹಿ ‘ಆಮೇಲೆ ಮಾಡಸ್ತೀವಿ’ ಎಂದರೆ ಒಪ್ಪಬೇಡಿ. ವಂಶಾವಳಿ ಪ್ರಮಾಣಪತ್ರ ತರಿಸಿ, ಅದರಲ್ಲಿರುವ ಪ್ರತಿಯೊಬ್ಬರೂ ಖರೀದಿ ಪತ್ರಕ್ಕೆ ಸಹಿ ಹಾಕಬೇಕು, ಅಥವಾ ಮೊದಲೇ ನೋಂದಣಿಯಾದ ಹಕ್ಕು ಬಿಡುಗಡೆ ಪತ್ರ ಇರಬೇಕು. ಇದರ ಮೇಲೆ ವಕೀಲರ ಸಲಹೆಯಂತೆ ಹುಬ್ಬಳ್ಳಿ ಆವೃತ್ತಿಯ ಕನ್ನಡ ದಿನಪತ್ರಿಕೆಯೊಂದರಲ್ಲಿ ಜಾಹೀರು ನೋಟಿಸ್ ಕೊಟ್ಟು ಹದಿನೈದು ದಿನ ತಕರಾರಿಗೆ ಕಾಯಿರಿ. ನೋಟಿಸಿನ ಖರ್ಚು ಕೋರ್ಟಿನ ಖರ್ಚಿನ ಮುಂದೆ ಏನೂ ಅಲ್ಲ.

ಕಟ್ಟಡ, ಮಣ್ಣು, ನೀರು

2019ರ ಮಾರ್ಚಿನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡವೇ ಕುಸಿದು ಹಲವರ ಜೀವ ಹೋಯಿತು. ಕಟ್ಟಡ ಗಟ್ಟಿಯಿದೆಯೆ ಎಂಬ ಪ್ರಶ್ನೆಯನ್ನು ಬಣ್ಣ ನೋಡಿ ತೀರ್ಮಾನಿಸಬಾರದು.

ಹುಬ್ಬಳ್ಳಿಯಿಂದ ಪೂರ್ವಕ್ಕೆ, ಗದಗ ಮತ್ತು ನವಲಗುಂದದ ಕಡೆ ಎರೆಮಣ್ಣು. ಧಾರವಾಡದ ಪಡುವಣಕ್ಕೆ ಹೋದಂತೆ ಕೆಂಪು ಮಸಾರಿ. ಎರೆ ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಪಾಯ ಆ ಪದರ ದಾಟಿ ಗಟ್ಟಿ ನೆಲಕ್ಕೆ ಇಳಿಯದಿದ್ದರೆ ವರ್ಷವರ್ಷವೂ ಕಟ್ಟಡ ಕುಲುಕುತ್ತದೆ. ಅದರ ಗುರುತು ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕು, ಇಟ್ಟಿಗೆಯ ಸಂದಿಗುಂಟ ಮೆಟ್ಟಿಲಿನಂತೆ ಹೋಗುವ ಬಿರುಕು, ನೆಲಮಹಡಿಯಲ್ಲಿ ಉಬ್ಬಿದ ಟೈಲ್ಸು, ಚೌಕಟ್ಟಿಗೆ ತಾಗಿ ಬಿಗಿಯಾದ ಬಾಗಿಲು. ಇಂಥ ಬಿರುಕು ಏಪ್ರಿಲ್-ಮೇ ತಿಂಗಳಲ್ಲಿ ಬಾಯಿ ಬಿಟ್ಟಿರುತ್ತದೆ, ಮಳೆಗಾಲದಲ್ಲಿ ಮುಚ್ಚಿಕೊಂಡಿರುತ್ತದೆ. ಮಳೆನೀರಿನ ಸೋರಿಕೆ ಅದಕ್ಕೆ ವಿರುದ್ಧ, ಜುಲೈ-ಆಗಸ್ಟಿನಲ್ಲಿ ಮಾತ್ರ ಕಾಣುತ್ತದೆ. ಆದಷ್ಟು ಮಟ್ಟಿಗೆ ಎರಡು ಕಾಲದಲ್ಲೂ ಒಮ್ಮೆ ನೋಡಿ. ಸಮಯವಿಲ್ಲವೆಂದರೆ ಮೇಲಿನ, ಕೆಳಗಿನ ಮನೆಯವರನ್ನು ಕೇಳಿ. ಮಾರುವವರಿಗಿಂತ ಅವರು ನೇರ ಹೇಳುತ್ತಾರೆ.

ಎಲ್ಲ ಬಿರುಕಿಗೂ ಹೆದರಬೇಕಿಲ್ಲ. ತೊಲೆ ಮತ್ತು ಇಟ್ಟಿಗೆ ಗೋಡೆ ಕೂಡುವಲ್ಲಿ ಅಡ್ಡಡ್ಡ ಹೋಗುವ ಕೂದಲೆಳೆಯ ಬಿರುಕು ಹೆಚ್ಚಾಗಿ ಗಿಲಾಯದ್ದು (ಪ್ಲಾಸ್ಟರಿನದು). ಮೂರು ಮಿಲಿಮೀಟರಿಗಿಂತ ಅಗಲ, ಗೋಡೆಯ ಎರಡೂ ಬದಿ ಒಂದೇ ಜಾಗದಲ್ಲಿ ಕಾಣುವಂಥದ್ದು, ಕಂಬ-ತೊಲೆಯ ಮೇಲಿನದು ಎಂಜಿನಿಯರಿಗೆ ತೋರಿಸಬೇಕಾದದ್ದು. ಕೆಳಗಿನ ಪಾರ್ಕಿಂಗಿನಲ್ಲಿ ಕಂಬಗಳ ಬುಡ ನೋಡಿ. ಕಂದು ಕಲೆ, ಉದುರಿದ ಕಾಂಕ್ರೀಟು, ಹೊರಗೆ ಇಣುಕುವ ಕಬ್ಬಿಣ ಇದ್ದರೆ ಒಳಗೆ ತುಕ್ಕು ಹಿಡಿದಿದೆ. ತುಕ್ಕು ಹಿಡಿದ ಸರಳು ಊದಿಕೊಂಡು ಕಾಂಕ್ರೀಟನ್ನು ಒಡೆಯುತ್ತದೆ, ಮೇಲೆ ಸಿಮೆಂಟ್ ಮೆತ್ತಿದರೆ ನಿಲ್ಲುವುದಿಲ್ಲ. ಛತ್ತಿಗೆ ನಾಣ್ಯದಿಂದ ಬಡಿದಾಗ ಟೊಳ್ಳು ಸದ್ದು ಬಂದರೆ ಅಲ್ಲಿ ಪದರ ಬಿಟ್ಟಿದೆ. ಬಚ್ಚಲುಮನೆಯ ಕೆಳಗಿನ ಮನೆಯ ಛತ್ತು ತಪ್ಪದೆ ನೋಡಿ. ನೀವು ಕೊಳ್ಳುವ ಮನೆಯ ಬಚ್ಚಲು ಸೋರುವುದು ಕಾಣುವುದು ಅಲ್ಲೇ.

ನೀರಿನ ವಿಷಯ ಇನ್ನೂ ದೊಡ್ಡದು. ಅವಳಿ ನಗರಕ್ಕೆ ಮಲಪ್ರಭೆಯ ರೇಣುಕಾಸಾಗರದಿಂದ ಮತ್ತು ನೀರಸಾಗರದಿಂದ ನೀರು ಬರುತ್ತದೆ. ಕೆಲವು ವಾರ್ಡಿಗೆ ದಿನವಿಡೀ, ಉಳಿದ ಕಡೆ ಕೆಲವು ದಿನಕ್ಕೊಮ್ಮೆ. ಲೆಕ್ಕ ಹೀಗೆ ಹಾಕಿ: ಒಬ್ಬರಿಗೆ ದಿನಕ್ಕೆ 135 ಲೀಟರ್, ಮನೆಗೆ ನಾಲ್ಕು ಜನ, ಹನ್ನೆರಡು ಮನೆ ಎಂದರೆ ದಿನಕ್ಕೆ 6,480 ಲೀಟರ್. ಐದು ದಿನಕ್ಕೊಮ್ಮೆ ನೀರು ಬರುವ ಓಣಿಯಾದರೆ 32,400 ಲೀಟರಿನ ಸಂಪು ಬೇಕು, ಅಂದರೆ ಹನ್ನೆರಡು ಅಡಿ ಉದ್ದ, ಹನ್ನೆರಡು ಅಡಿ ಅಗಲ, ಎಂಟು ಅಡಿ ಆಳ. ಸಂಪು ಅದರ ಅರ್ಧ ಇದ್ದು ಬೋರು ಬತ್ತಿದ್ದರೆ ಬೇಸಿಗೆಯಲ್ಲಿ ಟ್ಯಾಂಕರ್ ಖರ್ಚು ತಪ್ಪದು. ಸಪ್ತಾಪುರದಂಥ ಕೋಚಿಂಗ್ ಕ್ಲಾಸುಗಳ ಓಣಿಯಲ್ಲಿ ಒಂದು ಫ್ಲ್ಯಾಟಿನಲ್ಲಿ ಎಂಟು-ಹತ್ತು ವಿದ್ಯಾರ್ಥಿಗಳು ಇರುವುದುಂಟು. ಆಗ ಮನೆಗೆ ನಾಲ್ಕು ಜನರ ಲೆಕ್ಕ ಕೆಲಸಕ್ಕೆ ಬಾರದು. ಎಷ್ಟು ಫ್ಲ್ಯಾಟಿನಲ್ಲಿ ಮಾಲೀಕರೇ ಇದ್ದಾರೆ, ಎಷ್ಟು ಬಾಡಿಗೆಗೆ ಹೋಗಿವೆ ಎಂದು ಎಣಿಸಿ. ಮಾಲೀಕರು ಊರಲ್ಲೇ ಇಲ್ಲದ ಸೊಸೈಟಿಯಲ್ಲಿ ಸಭೆಗೆ ಕೋರಂ ಆಗುವುದು ಕಷ್ಟ, ದುರಸ್ತಿಗೆ ಠರಾವು ಆಗುವುದು ಅದಕ್ಕಿಂತ ಕಷ್ಟ.

ಉಣಕಲ್ ನಾಲೆಯ ಆಸುಪಾಸಿನ ಕಟ್ಟಡವಾದರೆ ಜೋರು ಮಳೆಗೆ ನೀರು ಎಲ್ಲಿಯವರೆಗೆ ಏರಿತ್ತು ಎಂದು ಎದುರಿನ ಅಂಗಡಿಯವರನ್ನು ಕೇಳಿ.

ಓಣಿ ಬದಲಾಗುವಾಗ ಬೆಲೆ ಕೂತಿರುವುದು ನೆಲದಲ್ಲಿ

ಕಟ್ಟಡ ಹಳತಾದಂತೆ ಅದರ ಬೆಲೆ ಇಳಿಯುತ್ತದೆ, ಏರುವುದು ನೆಲದ ಬೆಲೆ. ಆದ್ದರಿಂದ ನಿಮ್ಮ ಹಿಸ್ಸಾ ಎಷ್ಟು ಚದರ ಅಡಿ ಎಂದು ಖರೀದಿ ಪತ್ರದಲ್ಲೇ ಇರಬೇಕು. ಆರು ಗುಂಟೆ ಜಾಗ ಎಂದರೆ 6,534 ಚದರ ಅಡಿ. ಹನ್ನೆರಡು ಸಮಾನ ಮನೆಗಳಿದ್ದರೆ ಪ್ರತಿ ಮನೆಗೆ ಸುಮಾರು 544. ಕಾಗದದಲ್ಲಿ 350 ಎಂದಿದ್ದರೆ ಉಳಿದದ್ದು ಯಾರ ಹೆಸರಲ್ಲಿದೆ ಎಂದು ಕೇಳಿ. ಟೆರೇಸಿನ ಮೇಲೆ ಇನ್ನೊಂದು ಅಂತಸ್ತು ಏರಿಸುವ ಹಕ್ಕನ್ನು ಯಾರೋ ಉಳಿಸಿಕೊಂಡಿರುತ್ತಾರೆ. ಮುಂದೆ ಕಟ್ಟಡ ಕೆಡವಿ ಕಟ್ಟುವ ಮಾತು ಬಂದಾಗ ನಿಮ್ಮ ಪಾಲು ನಿರ್ಧಾರವಾಗುವುದು ಈ ಸಂಖ್ಯೆಯಿಂದ.

ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಮಹಾಯೋಜನೆಯ ನಕಾಶೆ ನೋಡಿ, ರಸ್ತೆ ಅಗಲೀಕರಣದ ಗೆರೆ ಕಂಪೌಂಡಿನ ಒಳಗೆ ಬರುತ್ತದೆಯೆ ಎಂದು ಖಚಿತಪಡಿಸಿಕೊಳ್ಳಿ. ಮಂಜೂರಾದ ನಕಾಶೆಯ ಜೊತೆ ಕಟ್ಟಡವನ್ನು ಹೋಲಿಸಿ: ನಕಾಶೆಯಲ್ಲಿ ಮೂರು ಅಂತಸ್ತು, ನಿಂತಿರುವುದು ನಾಲ್ಕು ಎಂದರೆ ನಾಲ್ಕನೆಯದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಕೇಳಿ. ಅದನ್ನು ನೋಡಿಯೇ ಬ್ಯಾಂಕುಗಳು ಸಾಲ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿದ ಮೇಲೆ ಅದಿಲ್ಲದ ಫ್ಲ್ಯಾಟಿಗೆ ಸಾಲ ಸಿಗುವುದು ಬಿಗಿಯಾಗಿದೆ. ಮಹಾನಗರ ಪಾಲಿಕೆಯ ಇ-ಖಾತೆ ಇಲ್ಲದೆ ನೋಂದಣಿಯೇ ಆಗುವುದಿಲ್ಲ. ಅದು ಎ-ಖಾತೆಯೋ (ನಿಯಮಬದ್ಧ ಆಸ್ತಿಯದು) ಬಿ-ಖಾತೆಯೋ (ಮಂಜೂರಾತಿ ಇಲ್ಲದ ಆಸ್ತಿಯದು) ನೋಡಿ, ಬಿ-ಖಾತೆಗೆ ಸಾಲ ಹುಟ್ಟುವುದು ಕಷ್ಟ.

ಕೈಯಲ್ಲಿ ಎಷ್ಟು ರೊಕ್ಕ ಇರಬೇಕು

28 ಲಕ್ಷದ ಮರುಮಾರಾಟದ ಫ್ಲ್ಯಾಟ್ ಎಂದು ಲೆಕ್ಕ ಹಾಕೋಣ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್ಸು-ಸರ್‌ಚಾರ್ಜು ಸೇರಿ ಶೇ. 5.6, ಅಂದರೆ 1,56,800 ರೂ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2, ಅಂದರೆ 56,000 ರೂ. ಎರಡೂ ಸೇರಿ 2,12,800. ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ಬೆಲೆ ನಿಮ್ಮ ವ್ಯವಹಾರದ ಬೆಲೆಗಿಂತ ಹೆಚ್ಚಿದ್ದರೆ ಶುಲ್ಕ ಅದರ ಮೇಲೆ ಬೀಳುತ್ತದೆ. 45 ಲಕ್ಷದೊಳಗಿನ ಫ್ಲ್ಯಾಟಿಗೆ ಇರುವ ಕಡಿಮೆ ದರ ಮೊದಲ ಸಲದ ನೋಂದಣಿಗೆ ಮಾತ್ರ, ಹಳೇ ಫ್ಲ್ಯಾಟಿಗೆ ಅದನ್ನು ಎಣಿಸಬೇಡಿ.

30 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕು ಮನೆಯ ಬೆಲೆಯ ಶೇ. 90ರ ತನಕ ಕೊಡಬಹುದು. ಆದರೆ ಆ ಬೆಲೆ ಬ್ಯಾಂಕಿನ ಮೌಲ್ಯಮಾಪಕರು ಹಾಕಿದ್ದು. ಹಳೇ ಕಟ್ಟಡವೆಂದು ಅವರು 25 ಲಕ್ಷ ಹಾಕಿದರೆ ಸಾಲ ಹೆಚ್ಚೆಂದರೆ 22.5 ಲಕ್ಷ. ಉಳಿದ 5.5 ಲಕ್ಷ, ನೋಂದಣಿಯ 2.13 ಲಕ್ಷ, ವಕೀಲರು, ಸೊಸೈಟಿ ವರ್ಗಾವಣೆ, ಸಣ್ಣ ದುರಸ್ತಿ ಎಲ್ಲ ಸೇರಿದರೆ ಕೈಯಲ್ಲಿ ಎಂಟೂವರೆಯಿಂದ ಒಂಬತ್ತು ಲಕ್ಷ ಬೇಕು. ‘ಶೇ. 10 ಇದ್ದರೆ ಸಾಕು’ ಎಂಬ ಮಾತು ನಂಬಿ ಸಂಚಕಾರ ಕಳೆದುಕೊಳ್ಳುವವರು ಇಲ್ಲೇ ಸಿಕ್ಕಿಬೀಳುತ್ತಾರೆ. 22.5 ಲಕ್ಷಕ್ಕೆ ಶೇ. 8.5ರ ಬಡ್ಡಿಯಲ್ಲಿ ಇಪ್ಪತ್ತು ವರ್ಷ ತಿಂಗಳ ಕಂತು ಸುಮಾರು 19,500. ಜೊತೆಗೆ ಸೊಸೈಟಿಯ ನಿರ್ವಹಣಾ ವೆಚ್ಚ.

ಕುಟುಂಬದ ವಾರ್ಷಿಕ ಆದಾಯ 9 ಲಕ್ಷದೊಳಗಿದ್ದು ದೇಶದಲ್ಲೆಲ್ಲೂ ಪಕ್ಕಾ ಮನೆ ಇಲ್ಲದಿದ್ದರೆ ಪ್ರಧಾನಮಂತ್ರಿ ಆವಾಸ್ ನಗರ 2.0ರ ಬಡ್ಡಿ ಸಹಾಯಧನ ವಿಚಾರಿಸಿ. ಮನೆಯ ಬೆಲೆ 35 ಲಕ್ಷ, ಸಾಲ 25 ಲಕ್ಷ ಮೀರಬಾರದು. ಸಾಲದ ಮೊದಲ 8 ಲಕ್ಷಕ್ಕೆ ಶೇ. 4ರಂತೆ ಲೆಕ್ಕ ಹಾಕಿ, ಐದು ವಾರ್ಷಿಕ ಕಂತಿನಲ್ಲಿ ಹೆಚ್ಚೆಂದರೆ 1.80 ಲಕ್ಷ ಬರುತ್ತದೆ. ಮೇಲಿನ ಉದಾಹರಣೆಯ ಮನೆ ಈ ಮಿತಿಯೊಳಗೇ ಇದೆ.

ಸಂಚಕಾರ ಐವತ್ತು ಸಾವಿರದಿಂದ ಒಂದು ಲಕ್ಷ ಸಾಕು, ಅದೂ ಚೆಕ್ಕು ಅಥವಾ ಬ್ಯಾಂಕ್ ವರ್ಗಾವಣೆಯಲ್ಲಿ. ಆಸ್ತಿ ವ್ಯವಹಾರದಲ್ಲಿ ಇಪ್ಪತ್ತು ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವಂತಿಲ್ಲ, ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ. ಸಂಚಕಾರ ಪತ್ರದಲ್ಲಿ ಮೂರು ಮಾತು ಇರಲೇಬೇಕು: ತೊಂಬತ್ತು ದಿನದ ಅವಧಿ, ಸಾಲ ಮಂಜೂರಾಗದಿದ್ದರೆ ಅಥವಾ ಕಾಗದದಲ್ಲಿ ದೋಷ ಕಂಡರೆ ಸಂಚಕಾರ ಪೂರ್ತಿ ವಾಪಸ್, ಸೊಸೈಟಿ ಒಪ್ಪಿಗೆ ತಂದುಕೊಡುವುದು ಮಾರುವವರ ಕೆಲಸ.

ಕೊನೆಯ ಹಂತದ ಅನುಕ್ರಮ

ಇಲ್ಲಿ ಹಿಂದುಮುಂದಾದರೆ ತೊಂದರೆ. ಮೊದಲು ಸೊಸೈಟಿಯಿಂದ ಬಾಕಿ ಇಲ್ಲದ ಪತ್ರ ಮತ್ತು ನಿಮ್ಮನ್ನು ಸದಸ್ಯರಾಗಿ ತೆಗೆದುಕೊಳ್ಳುವ ಆಡಳಿತ ಮಂಡಳಿಯ ಠರಾವಿನ ಪ್ರತಿ. ಆಮೇಲೆ ನೋಂದಣಿ. ನೋಂದಣಿ ಮುಗಿಸಿ ಸೊಸೈಟಿಗೆ ಹೋದರೆ ಮಾರಿದವರ ಐದು ವರ್ಷದ ಬಾಕಿಯನ್ನು ನಿಮ್ಮ ಮುಂದೆ ಇಡುತ್ತಾರೆ. ಆಗ ಮಾರಿದವರು ಫೋನ್ ಎತ್ತುವುದಿಲ್ಲ.

ನೋಂದಣಿಗೆ ಕಾವೇರಿಯಲ್ಲಿ ಕರಡು ಪತ್ರ ಏರಿಸಿ, ಶುಲ್ಕ ತುಂಬಿ, ದಿನ ಗೊತ್ತು ಮಾಡಿಕೊಳ್ಳಬೇಕು. ಜಿಲ್ಲೆಯ ಯಾವ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಾದರೂ ಮಾಡಿಸಬಹುದು. ಕರಡಿನಲ್ಲಿ ಸಿ.ಟಿ.ಎಸ್. ನಂಬರ್, ಫ್ಲ್ಯಾಟ್ ನಂಬರ್, ಹಿಸ್ಸಾ, ಚಕ್ಬಂದಿ, ಪಾರ್ಕಿಂಗ್ ಜಾಗ, ಹೆಸರಿನ ಅಕ್ಷರ ಎಲ್ಲವನ್ನೂ ನೀವೇ ಮೂಲ ಕಾಗದದ ಜೊತೆ ಹಿಡಿದು ಓದಿ. ಒಂದು ಅಂಕಿ ತಪ್ಪಿದರೂ ತಿದ್ದುಪಡಿ ಪತ್ರಕ್ಕೆ ಮಾರಿದವರನ್ನೆಲ್ಲ ಮತ್ತೆ ಕರೆತರಬೇಕು.

ಆದ ಮೇಲೆ ಇ-ಖಾತೆ, ಹೆಸ್ಕಾಂ ಮೀಟರು, ನೀರಿನ ನಳ, ಆಸ್ತಿ ತೆರಿಗೆ ನಿಮ್ಮ ಹೆಸರಿಗೆ ಮಾಡಿಸಿ. ಮೀಟರಿನ ಠೇವಣಿಯೂ ನಿಮ್ಮ ಹೆಸರಿಗೆ ವರ್ಗವಾಗಲಿ. ಷೇರು ಪತ್ರದ ಹಿಂಬದಿಯಲ್ಲಿ ನಿಮ್ಮ ಹೆಸರು, ಠರಾವಿನ ನಂಬರು, ತಾರೀಖು, ಸೊಸೈಟಿಯ ಶಿಕ್ಕೆ ಬಿದ್ದಿದೆಯೆ ನೋಡಿ, ಅದೇ ದಿನ ನಾಮಿನಿ ಅರ್ಜಿಯನ್ನೂ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.